ಬರೆದವರ ಹೆಸರು ಕೇಳೋದು ಸ್ವಾರ್ಥ ಅಲ್ಲ



ಹೋರಾಟದ ಹಾಡುಗಳ ಸಂಕಲನ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಮುಖಪುಟದ ಮೇಲೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿರುತ್ತೆ. ಒಳಗೆ ಪ್ರಕಾಶಕರು, ಮುದ್ರಕರು, ಡಿಟಿಪಿ ಮಾಡಿದವರು, ಎಲ್ಲರ ಹೆಸರೂ ಇರುತ್ತೆ. ಹಾಡಿನ ಕೆಳಗೆ ಮಾತ್ರ ಎಷ್ಟೋ ಸಲ 'ಜನಪದ' ಅಂತಲೋ 'ಸಂಗ್ರಹ' ಅಂತಲೋ ಹಾಕಿ ಕೈ ತೊಳ್ಕೊಂಡಿರ್ತಾರೆ.

ನನ್ನ ಹಾಡಿಗೂ ಹೀಗೇ ಆಯ್ತು. ಮ್ಯಾನ್‌ಹೋಲಿಗಿಳಿದು ಸತ್ತ ಕಾರ್ಮಿಕರ ಬಗ್ಗೆ ಒಂದು ಧರಣಿಗಾಗಿ ಬರೆದದ್ದು. ನಮ್ಮ ಸಂಘಟನೆಯ ಕರಪತ್ರದಲ್ಲಿ ನನ್ನ ಹೆಸರಿನ ಜೊತೆಗೇ ಅಚ್ಚಾಗಿತ್ತು. ಆಮೇಲೆ ಬಂದ ಒಂದು ಪುಸ್ತಕದಲ್ಲಿ ಅದು 'ಜನಪದ' ಆಯ್ತು, ಕೆಳಗೆ 'ಸಂಗ್ರಹ: ಇಂಥವರು' ಅಂತ ಸಂಪಾದಕರ ಹೆಸರು. ಅದರಿಂದ ಎತ್ತಿಕೊಂಡ ಇನ್ನೊಂದು ಪುಸ್ತಕದಲ್ಲಿ 'ಸಂಗ್ರಹ' ಅನ್ನೋ ಪದವೂ ಬಿದ್ದುಹೋಗಿ ಬರೀ 'ಇಂಥವರು' ಉಳಿದಿದ್ದಾರೆ. ಎರಡೇ ಪುಸ್ತಕದಲ್ಲಿ ಹಾಡಿನ ಯಜಮಾನರೇ ಬದಲಾದರು.

ಫೋನ್ ಮಾಡಿ ಕೇಳಿದ್ರೆ ಪ್ರಕಾಶಕರು ಹೇಳಿದ್ದು: "ಹೋರಾಟದ ಹಾಡು ಸಮುದಾಯದ್ದಲ್ವಾ ಸಾರ್? ನಿಮಗ್ಯಾಕೆ ಹೆಸರಿನ ಆಸೆ?"

ಸಮುದಾಯದ್ದಾದ್ರೆ ಮುಖಪುಟದ ಮೇಲೂ ಸಮುದಾಯದ ಹೆಸರೇ ಇರಲಿ, ಪುಸ್ತಕ ಮಾರಿದ ದುಡ್ಡೂ ಸಮುದಾಯಕ್ಕೇ ಬರಲಿ. ಅದಾಗಲ್ಲ. ಅವರ ಹೆಸರಿದ್ದರೆ ವಿದ್ವತ್ತು, ನಾವು ಕೇಳಿದ್ರೆ ಆಸೆ!

ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅವರ ಹೆಸರಲ್ಲೇ ಬಂತು. ಹೆಸರಿತ್ತು ಅಂತ ಆ ಹಾಡುಗಳನ್ನ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡೋದು ನಿಂತಿತಾ? 12ನೇ ಶತಮಾನದಲ್ಲೇ ಉರಿಲಿಂಗಪೆದ್ದಿ ತನ್ನ ಹೆಸರನ್ನ ವಚನದ ಅಂಕಿತದೊಳಗೇ ಹೊಲಿದಿಟ್ಟ. ಅದಕ್ಕೇ ಇವತ್ತಿಗೂ ಆ ವಚನಗಳು ಯಾರದ್ದು ಅಂತ ಗೊತ್ತಾಗುತ್ತೆ. ಹೆಸರಿದ್ದ ಮಾತ್ರಕ್ಕೆ ಹಾಡು ಜನರಿಂದ ದೂರ ಹೋಗಲ್ಲ.

ಇನ್ನು 'ಜನಪದ' ಅನ್ನೋ ಮಾತು. ಬರೆದವರು ಯಾರು ಅಂತ ತಿಳಿಯದೇ ಇರೋದು ಬೇರೆ, ಕೇಳದೇ ಇರೋದು ಬೇರೆ. ನಾನು ಬದುಕಿದ್ದೀನಿ, ಕರಪತ್ರದಲ್ಲಿ ನನ್ನ ಫೋನ್ ನಂಬರ್ ಇದೆ. ಕೇರಿಯವರು ಬರೆದದ್ದಕ್ಕೆ ಒಬ್ಬ ಕರ್ತೃ ಇರ್ತಾನೆ, ಇರ್ತಾಳೆ ಅನ್ನೋದೇ ಇವರ ತಲೆಗೆ ಹೊಳೆಯಲ್ಲ. ಅಲ್ಲಿರೋದು ಜಾತಿ.

ಕಚೇರಿಯಲ್ಲಿ ಕಡತ ನೋಡೋ ಗುಮಾಸ್ತ ನಾನು. ಕಡತದಲ್ಲಿ ಇಲ್ಲದ್ದು ಎಲ್ಲೂ ಇಲ್ಲ ಅನ್ನೋದು ನನ್ನ ಅನುಭವ. ಕಾನೂನೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 55ನೇ ಕಲಂ ಪ್ರಕಾರ, ಪ್ರತಿಯ ಮೇಲೆ ಲೇಖಕರು ಅಂತ ಯಾರ ಹೆಸರು ಅಚ್ಚಾಗಿದೆಯೋ ಅವರೇ ಲೇಖಕರು ಅಂತ ಕೋರ್ಟು ಮೊದಲು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡೋ ಹೊರೆ ನಮ್ಮ ಮೇಲೆ. ಅಂದ್ರೆ ಸುಮ್ಮನಿದ್ದಷ್ಟು ದಿನ ತಪ್ಪು ಗಟ್ಟಿಯಾಗ್ತಾ ಹೋಗುತ್ತೆ. ನಾಳೆ ನನ್ನ ಮಗಳು "ಇದು ನಮ್ಮಪ್ಪ ಬರೆದದ್ದು" ಅಂದ್ರೆ ಅವಳೇ ಸುಳ್ಳಿ ಆಗ್ತಾಳೆ.

ಅದೇ ಕಾಯ್ದೆಯ 57ನೇ ಕಲಂ ನಮ್ಮ ಕಡೆಗಿದೆ. ಹಕ್ಕನ್ನ ಪೂರ್ತಿ ಬರೆದುಕೊಟ್ಟಿದ್ದರೂ 'ಇದು ನನ್ನ ಕೃತಿ' ಅಂತ ಹೇಳಿಕೊಳ್ಳೋ ಹಕ್ಕು ಬರೆದವರ ಹತ್ತಿರಾನೇ ಉಳಿಯುತ್ತೆ. ನೋಂದಣಿ ಮಾಡಿಸಿರಲೇಬೇಕು ಅಂತೇನಿಲ್ಲ.

ಹಾಗಾಗಿ ಇಂಥದ್ದು ಆದವರು ಫೋನಲ್ಲಿ ಜಗಳ ಆಡಿ ಸುಸ್ತಾಗಬೇಡಿ. ಮೊದಲು ದಾಖಲೆ ಕೂಡಿಸಿ: ಕೈಬರಹ, ತಾರೀಖಿರೋ ಕರಪತ್ರ, ಹಳೇ ವಾಟ್ಸಾಪ್ ಮೆಸೇಜು, ಹಾಡಿದ ದಿನದ ವಿಡಿಯೊ. ಆಮೇಲೆ ಸ್ಪೀಡ್ ಪೋಸ್ಟಲ್ಲಿ ಪತ್ರ ಹಾಕಿ, ರಸೀದಿ ಇಟ್ಕೊಳ್ಳಿ. ಏನು ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ: ಉಳಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ, ಮುಂದಿನ ಮುದ್ರಣದಲ್ಲಿ ಹೆಸರು, ಇ-ಪುಸ್ತಕ ಇದ್ದರೆ ಈಗಲೇ ಬದಲಾವಣೆ, ಉತ್ತರಕ್ಕೆ ಒಂದು ಗಡುವು. "ಆಯ್ತು, ನೋಡೋಣ" ಅನ್ನೋ ಬಾಯಿಮಾತು ಒಪ್ಪಬೇಡಿ.

ಬಗ್ಗದಿದ್ದರೆ ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹಾಕಬಹುದು. ವಕೀಲರ ಫೀಸಿನ ಭಯ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪರಿಶಿಷ್ಟ ಜಾತಿ, ಪಂಗಡದವರಿಗೂ ಎಲ್ಲ ಹೆಣ್ಣುಮಕ್ಕಳಿಗೂ ಉಚಿತ ಕಾನೂನು ನೆರವು ಸಿಗಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ.

ನಾನು ಎರಡೂ ಪ್ರಕಾಶನದವರಿಗೆ ಪತ್ರ ಕಳಿಸಿದ್ದೀನಿ, 30 ದಿನ ಕೊಟ್ಟಿದ್ದೀನಿ. ದುಡ್ಡು ಕೇಳಿಲ್ಲ, ಹೆಸರು ಕೇಳಿದ್ದೀನಿ.

ನಮ್ಮ ಸಂಗಾತಿಗಳಿಗೂ ಒಂದು ಮಾತು. ವೇದಿಕೆ ಮೇಲೆ ಹಾಡೋ ಮುಂಚೆ ಬರೆದವರ ಹೆಸರು ಹೇಳಿ. ಕೇರಿಯ ಅವ್ವಂದಿರ ಹತ್ತಿರ ಹಾಡು ಬರ್ಕೊಂಡ್ರೆ ಅವರ ಹೆಸರು, ಊರು, ತಾರೀಖು ಅದೇ ಹಾಳೆಯಲ್ಲಿ ಬರೆಯಿರಿ. ಅವ್ವನಿಗೆ ಓದೋಕೆ ಬರದಿದ್ರೂ ಅವಳ ಮೊಮ್ಮಗಳಿಗೆ ಬರುತ್ತೆ.

ಜೈ ಭೀಮ್.