ಕಫದಲ್ಲಿ ಕ್ಷಯವಿಲ್ಲ, ಹಾಗಾದರೆ ಏನಿದೆ?

2021ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದು ಶಿಲೀಂಧ್ರದ ಪರಿಚಯವಾಯಿತು. ಕಣ್ಣು ಊದಿದ, ಮೂಗಿನ ಒಳಭಾಗ ಕಪ್ಪಾದ ರೋಗಿಗಳ ಚಿತ್ರಗಳು ಟಿವಿಯಲ್ಲಿ ಬಂದವು. ಮ್ಯೂಕರ್‌ಮೈಕೋಸಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಿಸಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು. ಆಂಧ್ರಪ್ರದೇಶ ಅದರ ಚಿಕಿತ್ಸೆಯನ್ನು ಆರೋಗ್ಯಶ್ರೀಗೆ ಸೇರಿಸಿತು. ಜೂನ್ 28ರಂದು ಕೇಂದ್ರ ಕೊಟ್ಟ ಲೆಕ್ಕ 40,845 ಪ್ರಕರಣ. ಅವುಗಳಲ್ಲಿ 31,344 ಮೂಗಿನಿಂದ ಮಿದುಳಿನತ್ತ ಹಬ್ಬುವ ಬಗೆಯವು. ಮುಖದ ಮೇಲೆ ಕಾಣುವುದನ್ನು ಈ ವ್ಯವಸ್ಥೆ ಎಣಿಸಬಲ್ಲದು. ಎದೆಗೂಡಿನೊಳಗೆ ಬೆಳೆಯುವುದನ್ನು?

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಈ ಪ್ರಶ್ನೆ ಸಣ್ಣದಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಉತ್ತರಾಂಧ್ರದ ಜನರೆಲ್ಲ ಬರುತ್ತಾರೆ. ಅಗನಂಪೂಡಿಯಲ್ಲಿ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಿದೆ. ವಿಜಯವಾಡದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ, ಕೃಷ್ಣಾ ನದಿಯಾಚೆ ಮಂಗಳಗಿರಿಯ ಏಮ್ಸ್. ಕಿಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರು, ಮೂತ್ರಪಿಂಡ ಕಸಿಯಾದವರು, ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗುವವರು, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯವರು ಇಂಥ ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಎಲ್ಲರೂ ಉಸಿರಾಡುವ ಗಾಳಿಯಲ್ಲಿ ಆಸ್ಪರ್ಜಿಲಸ್‌ನ ಬೀಜಕಣಗಳಿವೆ. ಗಟ್ಟಿ ದೇಹ ಅವನ್ನು ಅಲ್ಲೇ ಮುಗಿಸುತ್ತದೆ. ಸೋತ ದೇಹದಲ್ಲಿ ಅವು ಮೊಳೆತು ರಕ್ತನಾಳಕ್ಕೇ ನುಗ್ಗುತ್ತವೆ.

ಇಂಥ ರೋಗಿಗೆ ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ಒಂದು ಗೂಡು ಕಂಡರೆ ಮೊದಲ ಅನುಮಾನ ಕ್ಷಯದ ಮೇಲೆ. ಅದು ತಪ್ಪಲ್ಲ, ಈ ದೇಶದಲ್ಲಿ ಕ್ಷಯ ಅಷ್ಟು ಸಾಮಾನ್ಯ. ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ. ಕಫದಲ್ಲಿ ಕ್ಷಯ ಸಿಗದಿದ್ದರೂ ‘ಇರಬಹುದು’ ಎಂದು ಕ್ಷಯದ ಮಾತ್ರೆ ಶುರುವಾಗುತ್ತದೆ, ವಾರಗಟ್ಟಲೆ ಕಾಯಲಾಗುತ್ತದೆ. ಶಿಲೀಂಧ್ರ ಕಾಯುವುದಿಲ್ಲ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್, ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್‌ನ ಪ್ರಮಾಣವನ್ನು ರಕ್ತದಲ್ಲಿ ಶೇ 90ಕ್ಕೂ ಹೆಚ್ಚು ಇಳಿಸುತ್ತದೆ. ಊಹೆಯ ಮೇಲೆ ಕೊಟ್ಟ ಮಾತ್ರೆ, ತಡವಾಗಿ ಬಂದ ಸರಿಯಾದ ಮಾತ್ರೆಯನ್ನೂ ಕೆಡಿಸುತ್ತದೆ.

ಶಿಲೀಂಧ್ರ ಎಂದು ಗೊತ್ತಾದರೂ ಸಾಲದು, ಯಾವುದೆಂದು ತಿಳಿಯಬೇಕು. ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೆ ಆಂಫೊಟೆರಿಸಿನ್ ಬೇಕು. ಆಸ್ಪರ್ಜಿಲಸ್ ಹಿಡಿಯುವ ಗ್ಯಾಲಕ್ಟೊಮನನ್ ಪರೀಕ್ಷೆ ಮ್ಯೂಕರ್ ಅನ್ನು ಹಿಡಿಯದು. ಸ್ಟಿರಾಯ್ಡ್ ತೆಗೆದುಕೊಳ್ಳುವವರ ರಕ್ತದಲ್ಲಿ ಆ ಪರೀಕ್ಷೆ ಹಲವು ಬಾರಿ ಸುಮ್ಮನಿರುತ್ತದೆ. ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದು ತೆಗೆದ ನೀರಿನಲ್ಲಿ ಹೆಚ್ಚು ಮಾತಾಡುತ್ತದೆ. ಸಿ.ಟಿ.ಯಲ್ಲಿ ಗಂಟಿನ ಸುತ್ತ ಕಾಣುವ ಮಸುಕು ಬಳೆ ಮೊದಲ ಕೆಲವು ದಿನಗಳ ಅತಿಥಿ. ಯಾವ ಒಂದು ಪರೀಕ್ಷೆಯೂ ಸಾಲದು. ಸರಿಯಾದ ದಿನ, ಸರಿಯಾದ ಮಾದರಿ, ಎರಡು ಮೂರು ಪರೀಕ್ಷೆ ಒಟ್ಟಿಗೆ ಬೇಕು.

‘ಇದೆಲ್ಲ ದುಬಾರಿ, ದೊಡ್ಡ ಸಂಸ್ಥೆಗಳಿಗೆ ಮಾತ್ರ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅರ್ಧ ಸತ್ಯ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಸೂಕ್ಷ್ಮದರ್ಶಕ, ನೋಡಲು ಬಲ್ಲ ಒಂದು ಜೋಡಿ ಕಣ್ಣು: ಇಷ್ಟಿದ್ದರೆ ಅದೇ ದಿನ ಎಳೆಗಳು ಕಾಣುತ್ತವೆ. ಅಡ್ಡಗೋಡೆಗಳಿರುವ ಸಣ್ಣ ಎಳೆಯೋ, ರಿಬ್ಬನ್‌ನಂಥ ಅಗಲದ್ದೋ ಎಂಬುದರಲ್ಲೇ ಔಷಧಿಯ ಆಯ್ಕೆಗೆ ಮೊದಲ ಸುಳಿವಿದೆ. ಕಫದಲ್ಲಿ ಕಂಡ ಮಾತ್ರಕ್ಕೆ ರೋಗ ಸಾಬೀತಾಗದು, ನಿಜ. ಆದರೆ ಹುಡುಕಾಟ ಅಲ್ಲಿಂದ ಶುರುವಾಗುತ್ತದೆ. ಗ್ಯಾಲಕ್ಟೊಮನನ್ ಪರೀಕ್ಷೆಗೆ ಬೇಕಾದದ್ದು ಡೆಂಗಿ, ಎಚ್‌ಐವಿ ಪರೀಕ್ಷೆಗೆ ಬಳಸುವ ಎಲೈಸಾ ಯಂತ್ರವೇ. ಅಡ್ಡಿ ಬೇರೆಡೆ ಇದೆ: ಒಂದು ತಟ್ಟೆಯಲ್ಲಿ 96 ಗುಳಿ. ಒಬ್ಬ ರೋಗಿಗಾಗಿ ತೆರೆದರೆ ನಷ್ಟವೆಂದು ಮಾದರಿಗಳು ಗುಂಪಾಗುವವರೆಗೆ ಪ್ರಯೋಗಾಲಯ ಕಾಯುತ್ತದೆ. ಆ ನಷ್ಟವನ್ನು ಸರ್ಕಾರ ಹೊರದಿದ್ದರೆ ರೋಗಿ ಹೊರುತ್ತಾನೆ, ಜೀವದ ಲೆಕ್ಕದಲ್ಲಿ.

ಪ್ಲೇಟ್‌ಲೆಟ್ ಬಿದ್ದವರಿಗೆ ಬಯಾಪ್ಸಿ ಅಪಾಯ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಅಂಥವರಿಗೆ ಖಚಿತ ಉತ್ತರ ಬರುವ ಮೊದಲೇ ಶಿಲೀಂಧ್ರದ ಔಷಧಿ ಶುರುಮಾಡಬೇಕಾಗುತ್ತದೆ. ಆದರೆ ಆ ಮಾತು ಪರೀಕ್ಷೆ ಮಾಡದಿರುವುದಕ್ಕೆ ನೆಪವಾಗಬಾರದು.

ಕ್ಷಯದ ವಿಷಯದಲ್ಲಿ ಇದೇ ದೇಶ ಏನು ಮಾಡಿದೆ ನೋಡಿ. 2012ರಲ್ಲಿ ವರದಿ ಕಡ್ಡಾಯವಾಯಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಸಣ್ಣ ಆರೋಗ್ಯ ಕೇಂದ್ರಗಳಿಗೂ ಹೋಯಿತು. ಮನಸ್ಸು ಮಾಡಿದಲ್ಲಿ ದಾರಿ ಬಂತು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಶಿಲೀಂಧ್ರಗಳ ಆದ್ಯತಾ ಪಟ್ಟಿ ತಂದು, ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅನ್ನು ಅತಿ ಗಂಭೀರ ಗುಂಪಿನಲ್ಲಿಟ್ಟಿತು. ಪಟ್ಟಿಯಿಂದ ಯಾರ ಕಫವೂ ಪರೀಕ್ಷೆಯಾಗುವುದಿಲ್ಲ.

ಆಗಬೇಕಾದದ್ದು ಇಷ್ಟು. ರೋಗನಿರೋಧಕ ಶಕ್ತಿ ಕುಗ್ಗಿದವರ ಕಫವನ್ನು ಕ್ಷಯಕ್ಕೆ ಕಳಿಸುವಾಗಲೇ ಶಿಲೀಂಧ್ರದ ಮೇಜಿಗೂ ಕಳಿಸಬೇಕು. ಒಂದು ಇದ್ದರೆ ಇನ್ನೊಂದು ಇರಬಾರದೆಂಬ ನಿಯಮವಿಲ್ಲ. ಸೂಕ್ಷ್ಮದರ್ಶಕದ ಉತ್ತರ 24 ಗಂಟೆಯೊಳಗೆ ಬರಬೇಕು. ವಿಶಾಖಪಟ್ಟಣ, ವಿಜಯವಾಡ ಎರಡರಲ್ಲೂ ಒಂದೊಂದು ಸರ್ಕಾರಿ ಪ್ರಯೋಗಾಲಯ ವಾರದ ಗೊತ್ತಾದ ದಿನಗಳಲ್ಲಿ, ತಟ್ಟೆ ತುಂಬಲಿ ಬಿಡಲಿ, ಗ್ಯಾಲಕ್ಟೊಮನನ್ ನಡೆಸಬೇಕು. ಸುತ್ತಲ ಜಿಲ್ಲೆಗಳ ಮಾದರಿಗಳೂ ಅಲ್ಲಿಗೆ ಬರಬೇಕು. ಸರ್ಕಾರ ಚಿಕಿತ್ಸೆಗಷ್ಟೇ ಅಲ್ಲ, ಆ ಚಿಕಿತ್ಸೆ ಯಾವುದೆಂದು ಹೇಳುವ ಪರೀಕ್ಷೆಗೂ ಹಣ ಕೊಡಬೇಕು. ಸಿಕ್ಕ ಪ್ರಕರಣಗಳನ್ನು ಎಣಿಸಬೇಕು.

‘ಕ್ಷಯವಿಲ್ಲ’ ಎಂಬ ವರದಿ ರೋಗಿಯ ಕೈಗೆ ಬಂದಾಗ ಅವನ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಕಾಗದದ ಕೆಳಗೆ ಇನ್ನೊಂದು ಸಾಲು ಇರಬೇಕು: ಶಿಲೀಂಧ್ರಕ್ಕಾಗಿ ನೋಡಲಾಗಿದೆ, ಕಂಡದ್ದು ಇದು. ಆ ಒಂದು ಸಾಲು ಬರೆಯುವಷ್ಟು ವಿದ್ಯೆ ಈ ಎರಡು ನಗರಗಳಲ್ಲಿದೆ. ಬರೆಯಲೇಬೇಕೆಂಬ ಆದೇಶ ಬೇಕಾಗಿದೆ.