ಕಿವಿಗೆ ಹೇಳುವವರು ಯಾರು?

ರೋಮಿನ ಕೊಲೋಸಿಯಮ್ ನೋಡಲು ಹೋದವರಲ್ಲಿ ಅನೇಕರ ಕಿವಿಯಲ್ಲಿ ಈಗ ಒಂದು ದನಿ ಇರುತ್ತದೆ. ಬಾಡಿಗೆಗೆ ಪಡೆದ ಯಂತ್ರದ್ದೋ, ಮೊಬೈಲಿಗೆ ಇಳಿಸಿಕೊಂಡ ಆ್ಯಪಿನದೋ. ಎಡಕ್ಕೆ ತಿರುಗಿ ಎಂದರೆ ತಿರುಗುತ್ತೇವೆ, ಮೇಲೆ ನೋಡಿ ಎಂದರೆ ನೋಡುತ್ತೇವೆ. ಕೊಡೆ ಎತ್ತಿಕೊಂಡು ಮುಂದೆ ಓಡುವ ಗೈಡಿನ ಬೆನ್ನು ಹತ್ತಬೇಕಿಲ್ಲ, ಸಾಕೆನಿಸಿದರೆ ಗುಂಡಿ ಒತ್ತಿ ಬಾಯಿ ಮುಚ್ಚಿಸಬಹುದು. ಏರ್ಪಾಡು ಹೊಸದಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂನವರು ಕಿರುತರಂಗದ ರೇಡಿಯೊ ಮೂಲಕ ಪ್ರೇಕ್ಷಕರ ಕಿವಿಗೆ ಚಿತ್ರಗಳ ವಿವರಣೆ ಮುಟ್ಟಿಸಿದ್ದರು. ಪ್ರಸಾರ ಒಂದೇ ಆದ್ದರಿಂದ ಎಲ್ಲರೂ ಒಂದೇ ಗಳಿಗೆಗೆ ಒಂದೇ ಕಡೆ ಕತ್ತು ತಿರುಗಿಸುತ್ತಿದ್ದರು.

ಆ ಕತ್ತು ತಿರುಗಿಸುವಿಕೆಯೇ ಹಲವರಿಗೆ ಸಿಟ್ಟು ತರಿಸುವುದು. ಇನ್ನೊಬ್ಬರು ಹೇಳಿದ್ದನ್ನು ಕೇಳುತ್ತ ನೋಡುವುದು ನೋಡುವುದೇ ಅಲ್ಲ, ಕಲ್ಲಿನ ಮುಂದೆ ಸುಮ್ಮನೆ ನಿಂತರೆ ಕಲ್ಲೇ ಮಾತಾಡುತ್ತದೆ ಎನ್ನುವ ರಸಿಕರು ನಮ್ಮಲ್ಲೂ ಇದ್ದಾರೆ. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಮುಂದೆ ಅವರ ಮಾತು ಒಪ್ಪುವಂಥದ್ದೇ. ಅಲ್ಲಿ ಶಿಖರವಿದೆ, ಕಂಬಗಳ ನುಣುಪಿದೆ, ಕಣ್ಣಿಗೆ ಬೇಕಾದಷ್ಟು ಇದೆ. ಆದರೆ ಅದೇ ಶಿಕಾರಿಪುರ ತಾಲ್ಲೂಕಿನ, ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ತಾಳಗುಂದಕ್ಕೆ ಈ ರಸಿಕರು ಹೋಗಿ ನಿಲ್ಲಲಿ. ಅಲ್ಲಿರುವುದು ಪ್ರಣವೇಶ್ವರನ ಚಿಕ್ಕ ಗುಡಿ, ಅದರ ಎದುರಿಗೆ ಒಂದು ಕಲ್ಲುಕಂಬ. ದಾರಿ ಕೇಳಿದರೆ 'ಅಲ್ಲೇನೈತ್ರಿ, ಒಂದ್ ಕಂಬ ಐತಿ' ಎಂದು ಯಾರಾದರೂ ಅಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಹೇಳುವವರಿಲ್ಲದಿದ್ದರೆ ಅದು ಬರೀ ಕಂಬವೇ.

ಹತ್ತಿರ ಹೋಗಿ ನೋಡಿ. ಗಟ್ಟಿ ಬೂದುಗಲ್ಲಿನ ಎಂಟು ಮುಖದ ಕಂಬ. ಅಕ್ಷರಗಳು ನಾವು ಓದುವಂತೆ ಎಡದಿಂದ ಬಲಕ್ಕೆ ಅಡ್ಡಡ್ಡ ಸಾಗಿಲ್ಲ. ಬುಡದಿಂದ ಹೊರಟು ಕಂಬದ ಉದ್ದಕ್ಕೂ ಮೇಲಕ್ಕೆ ಹತ್ತುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ಗಿಡ್ಡ ಸಾಲು. ಓದಬೇಕೆಂದರೆ ಬಗ್ಗಿ, ಕತ್ತು ವಾಲಿಸಿ, ಮತ್ತೆ ಎದ್ದು, ಕಂಬಕ್ಕೆ ಪೂರ್ತಿ ಒಂದು ಸುತ್ತು ಬರಬೇಕು. ಲಿಪಿ ಬ್ರಾಹ್ಮಿಯಿಂದ ಬೆಳೆದದ್ದು, ತಲೆಯ ಮೇಲೆ ಪುಟ್ಟ ಚೌಕ ಹೊತ್ತ ಅಕ್ಷರಗಳು. ಭಾಷೆ ಸಂಸ್ಕೃತ. ಎಂ.ಎ. ಮಾಡಿದ ಕನ್ನಡಿಗನಿಗೂ ಇಲ್ಲಿ ಒಂದಕ್ಷರ ಹತ್ತುವುದಿಲ್ಲ. ಬಿ.ಎಲ್. ರೈಸ್ 1894ರಲ್ಲಿ ಇದನ್ನು ಗುರುತಿಸಿ, ಬ್ಯೂಲರ್ ಅದರ ಮಹತ್ವವನ್ನು ಪ್ರಕಟಪಡಿಸಿ, ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ ಎಂಟನೆಯ ಸಂಪುಟದಲ್ಲಿ ಪಾಠ ಸಿದ್ಧಪಡಿಸಿದ ಮೇಲೆ ಕಂಬಕ್ಕೆ ಬಾಯಿ ಬಂತು. ಆ ಬಾಯಿ ಇಂದಿಗೂ ಗ್ರಂಥಾಲಯದಲ್ಲೇ ಇದೆ. ಸಂರಕ್ಷಿತ ಸ್ಮಾರಕಗಳ ಮುಂದೆ ನಿಲ್ಲಿಸುವ ನೀಲಿ ಫಲಕವಂತೂ 1958ರ ಕಾಯ್ದೆಯ ಪ್ರಕಾರ ಕಲ್ಲು ಕೆಡಿಸಿದವನಿಗೆ ಏನು ಶಿಕ್ಷೆ ಎಂದು ಹೇಳುತ್ತದೆ. ಕೆಡಿಸಬಾರದ್ದು ಯಾಕೆ ಎಂದು ಹೇಳುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು ಇದು. ಕಿವಿಯ ದನಿ ಕೊಲೋಸಿಯಮ್ಮಿಗಿಂತ ತಾಳಗುಂದಕ್ಕೆ ಹೆಚ್ಚು ಬೇಕು. ಅಂಥ ದೊಡ್ಡ ಕಟ್ಟಡ ತನ್ನ ಗಾತ್ರದಿಂದಲೇ ಅರ್ಧ ಕಥೆ ಹೇಳಿಬಿಡುತ್ತದೆ. ಶಾಸನಕ್ಕೆ ಆ ಅನುಕೂಲವಿಲ್ಲ. ಅದು ಹುಟ್ಟಿದ್ದೇ ಹೇಳುವುದಕ್ಕೆ, ಈಗ ನಿಂತಿರುವುದು ಮೂಕವಾಗಿ.

ಬೇಕು ಎಂದಾದ ಮೇಲೆ, ಆ ದನಿ ಏನು ಹೇಳಬೇಕು? ಕಷ್ಟ ಇರುವುದು ಇಲ್ಲಿ.

ನಮ್ಮ ಯಾವುದೇ ಸ್ಟುಡಿಯೊಗೆ ಈ ಕೆಲಸ ವಹಿಸಿದರೆ ಮೊದಲು ಕುದುರೆಯ ಖುರಪುಟದ ಸದ್ದು, ಆಮೇಲೆ ಗಂಭೀರ ಕಂಠದಲ್ಲಿ ಕದಂಬರ ಅರಸ ಮಯೂರನ ಕಥೆ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಕಥೆ ಕಂಬದಲ್ಲಿ ಇದೆ ಕೂಡ. ಮನೆಯ ಬಳಿ ಕದಂಬ ಮರ ಬೆಳೆಸಿಕೊಂಡಿದ್ದ ಬ್ರಾಹ್ಮಣ ಕುಲದ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ದರ್ಭೆ ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿರಿಯುತ್ತದೆ. ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿ, ಕೊನೆಗೆ ಪಲ್ಲವರಿಂದಲೇ ರಾಜ್ಯವನ್ನು ಒಪ್ಪಿಸಿಕೊಳ್ಳುತ್ತಾನೆ. ಇಂಥ ಕಥೆ ಸಿಕ್ಕರೆ ಯಾರು ಬಿಡುತ್ತಾರೆ? ದೇವುಡು ಕಾದಂಬರಿ ಬರೆದರು. ಅದರಿಂದ 1975ರಲ್ಲಿ ರಾಜ್‌ಕುಮಾರ್ ಅಭಿನಯದ 'ಮಯೂರ' ಬಂತು. ತಾಳಗುಂದಕ್ಕೆ ಬರುವ ನಮ್ಮಂಥವರ ಕಿವಿಯಲ್ಲಿ ಯಂತ್ರ ಇಲ್ಲದಿದ್ದರೂ ಆ ಚಿತ್ರದ ದನಿ ಮೊದಲೇ ಕೂತಿರುತ್ತದೆ. ಚಿತ್ರದಲ್ಲಿ ಅವನು ಗುಟ್ಟಾಗಿ ಬೆಳೆದ ರಾಜಕುಮಾರ. ಕಂಬದಲ್ಲಿ ಅವನು ವೇದ ಓದಲು ಹೊರಟ ಹುಡುಗ, ಅರಸುತನದ ರಕ್ತ ಅವನಿಗಿಲ್ಲ. ನನ್ನನ್ನು ಕೇಳಿದರೆ ಕಂಬದ ಮಯೂರನೇ ಹೆಚ್ಚು ಸ್ವಾರಸ್ಯದವನು. ಅದು ಬೇರೆ ಮಾತು.

ಮುಖ್ಯವಾದದ್ದೆಂದರೆ, ಈ ಕಂಬವನ್ನು ನೆಟ್ಟದ್ದು ಮಯೂರನಿಗಾಗಿ ಅಲ್ಲ. ಕೆರೆಗಾಗಿ. ಮಯೂರನಿಂದ ಕಂಗವರ್ಮ, ಭಗೀರಥ, ರಘು ದಾಟಿ ಬರುವ ಕಾಕುಸ್ಥವರ್ಮ, ಸಾತಕರ್ಣಿಯಂಥ ಅರಸರು ಹಿಂದೆ ಪೂಜಿಸಿದ್ದ ಶಿವಾಲಯದ ಬಳಿ ಒಂದು ದೊಡ್ಡ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಕ್ರಿ.ಶ. 455–470ರ ಸುಮಾರಿಗೆ, ಆ ಕೆರೆಯ ನೆನಪಿಗೆ ಕಂಬ ನಿಂತಿತು. ವಂಶದ ಹೊಗಳಿಕೆ ಅದಕ್ಕೆ ಪೀಠಿಕೆ. ಪೀಠಿಕೆ ಉದ್ದವಾಗಿ ಮುಖ್ಯ ಸಂಗತಿ ಮೂಲೆ ಸೇರುವುದು ನಮ್ಮ ಸಭೆಗಳಲ್ಲಿ ಮಾತ್ರ ಎಂದುಕೊಂಡಿದ್ದೆ. ಐದನೆಯ ಶತಮಾನದಲ್ಲೂ ಅದೇ ಗತಿ. ಕಿವಿಯ ದನಿ ಕತ್ತಿಯನ್ನಷ್ಟೇ ಹೇಳಿ ಕೆರೆಯನ್ನು ಬಿಟ್ಟರೆ, ಕಂಬದ ಮುಂದೆ ನಿಂತೂ ಕಂಬ ನೋಡದಂತಾಯಿತು.

ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಕೊನೆಯಲ್ಲಿ ಹೇಳಿಕೊಳ್ಳುತ್ತಾನೆ. ಈ ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ನಮಗೆ ಮಯೂರನ ಬಗ್ಗೆ ತಿಳಿದಿರುವುದರ ಬಹುಪಾಲು ಅರಮನೆಯ ಆಶ್ರಯದಲ್ಲಿದ್ದ ಈ ಒಬ್ಬ ಕವಿಯಿಂದ, ಅದೂ ಘಟನೆ ನಡೆದು ನೂರು ವರ್ಷದಷ್ಟು ಆದ ಮೇಲೆ. ಕಂಚಿಯ ಆ ಸವಾರ ಏನಂದ, ಜಗಳ ಯಾಕೆ ಶುರುವಾಯಿತು, ಪಲ್ಲವರ ಕಡೆಯವರು ಇದನ್ನು ಹೇಗೆ ಹೇಳುತ್ತಿದ್ದರು ಎಂಬುದಕ್ಕೆ ಕಂಬದಲ್ಲಿ ಜಾಗವಿಲ್ಲ. ಅಂದರೆ ಈ ಕಂಬವೇ ಒಂದು ಆಡಿಯೊ ಗೈಡ್. ಶಾಂತಿವರ್ಮ ಮಾಡಿಸಿದ್ದು, ಕುಬ್ಜ ದನಿ ಕೊಟ್ಟದ್ದು. ಇಂದಿನ ದನಿ ಅದನ್ನು ಹಾಗೆಯೇ ತಿರುಗಿ ಒಪ್ಪಿಸಿದರೆ ನಾವು ಕೇಳುವುದು ಕದಂಬರ ಪ್ರಚಾರ ಖಾತೆಯ ಮಾತನ್ನು. 'ಮಯೂರ ಕತ್ತಿ ಹಿರಿದ' ಎನ್ನುವ ದನಿಗೂ 'ಮಯೂರ ಕತ್ತಿ ಹಿರಿದನೆಂದು ಅವನ ವಂಶದವರ ಕವಿ ಬರೆದಿದ್ದಾನೆ' ಎನ್ನುವ ದನಿಗೂ ಅಜಗಜಾಂತರ. ಎರಡನೆಯದರಿಂದ ಕಥೆಯ ರುಚಿ ಕೆಡುತ್ತದೆ ಎಂದು ಹೆದರುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಯಾರು, ಯಾವಾಗ, ಯಾರಿಗಾಗಿ ಹೇಳಿದರು ಎಂದು ಗೊತ್ತಾದಾಗಲೇ ಕಲ್ಲಿನ ಹಿಂದೆ ಒಬ್ಬ ಮನುಷ್ಯ ಕಾಣುವುದು.

ಇದೇ ಊರಿನ ನಂತರದ ಶಾಸನಗಳು ಬೇರೆ ರಾಗ ಹಾಡುತ್ತವೆ. ಮುಕ್ಕಣ್ಣ ಕದಂಬ ಎಂಬ ಅರಸ ದೂರದ ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಸ್ಥಾನಗುಂದೂರಿನಲ್ಲಿ, ಅಂದರೆ ಇದೇ ತಾಳಗುಂದದಲ್ಲಿ, ನೆಲೆಗೊಳಿಸಿದನೆನ್ನುತ್ತವೆ. ಕುಬ್ಜನ ಕಂಬದಲ್ಲಿ ಇದರ ಸುಳಿವೇ ಇಲ್ಲ. ಹನ್ನೆರಡನೆಯ ಶತಮಾನದ ಇನ್ನೊಂದು ಶಾಸನ ಅಗ್ರಹಾರದಲ್ಲಿ ವೇದದ ಜೊತೆಗೆ ಕನ್ನಡ ಕಲಿಸುವುದಕ್ಕೂ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಒಂದೇ ಊರು, ಮೂರು ಕಾಲ, ಮೂರು ದನಿ. ಒಂದೇ ಕಂಠದಲ್ಲಿ ಇವನ್ನೆಲ್ಲ ಹೊಲಿದು ನುಣ್ಣಗೆ ಮಾಡಿದರೆ ಕೇಳಲು ಹಿತ, ತಿಳಿಯಲು ನಷ್ಟ.

ಇನ್ನೂ ಸೂಕ್ಷ್ಮವಾದ ಪರೀಕ್ಷೆ ಸಿಂಹಕಟಾಂಜನ ಶಾಸನದ್ದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2013ರ ಹೊತ್ತಿಗೆ ದೇವಸ್ಥಾನದ ಆವರಣದಲ್ಲಿ ಅಗೆದಾಗ ಮೆಟ್ಟಿಲ ಪಕ್ಕದ ಸಿಂಹದ ಕಟಾಂಜನದ ಮೇಲೆ ಕನ್ನಡ ಪದಗಳಿರುವ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರ ಸುಮಾರಿನದು, ಹಾಗಾಗಿ 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ, ಅಲ್ಲಿಯವರೆಗೆ ಕನ್ನಡದ ಮೊದಲನೆಯದೆನಿಸಿದ್ದ ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂಬ ವಾದ ಬಂತು. ಪತ್ರಿಕೆಗಳು 'ಕನ್ನಡದ ಮೊದಲ ಶಾಸನ' ಎಂದವು. ವಿದ್ವಾಂಸರಲ್ಲಿ ಒಪ್ಪಿದವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಕಿವಿಯ ದನಿಗೆ ಇಲ್ಲಿ ಆಸೆ ಹುಟ್ಟುವುದು ಸಹಜ. 'ನೀವು ಈಗ ಕನ್ನಡದ ಅತಿ ಹಳೆಯ ಬರಹದ ಊರಿನಲ್ಲಿದ್ದೀರಿ' ಎಂದರೆ ಕೇಳುವವರ ಎದೆ ಉಬ್ಬುತ್ತದೆ. ಇದು ವಾದ, ಇದಕ್ಕೆ ಆಕ್ಷೇಪವಿದೆ, ಲಿಪಿಯ ಆಕಾರ ನೋಡಿ ಕಾಲ ಕಟ್ಟುವುದರಲ್ಲಿ ಹತ್ತಾರು ವರ್ಷ ಆಚೀಚೆ ಆಗಬಹುದು ಎಂದರೆ ಎದೆ ಉಬ್ಬುವುದಿಲ್ಲ, ತಲೆ ಓಡುತ್ತದೆ. ನಾಡಿನ ಹೆಮ್ಮೆಗೆ ಎದೆಯಷ್ಟೇ ತಲೆಯೂ ಬೇಕು.

ಅನುಮಾನವನ್ನು ಹೇಳಿದರೆ ಪ್ರವಾಸಿ ಬೇಸರಪಡುತ್ತಾನೆ ಎಂಬ ಮಾತಿಗೆ ರೋಮಿನಿಂದಲೇ ಉತ್ತರವಿದೆ. ಕೊಲೋಸಿಯಮ್ಮಿನಲ್ಲಿ ಒಂದು ಕಲ್ಲು ಇದೆ. ಅದರ ಮೇಲೆ ಐದನೆಯ ಶತಮಾನದಲ್ಲಿ ದುರಸ್ತಿಯ ಶಾಸನ ಕೆತ್ತಿದ್ದಾರೆ, ಹೆಚ್ಚುಕಮ್ಮಿ ಇಲ್ಲಿ ಕುಬ್ಜ ಬರೆಯುತ್ತಿದ್ದ ಕಾಲ. ಆ ಅಕ್ಷರಗಳ ನಡುವೆ ಸಂಬಂಧವಿಲ್ಲದ ಸಣ್ಣ ತೂತುಗಳಿವೆ. ಹಿಂದೆ ಅದೇ ಕಲ್ಲಿಗೆ ಕಂಚಿನ ಅಕ್ಷರ ಕೂರಿಸಿದ್ದ ಮೊಳೆಗಳ ಗುರುತು ಅವು. ಗೇಜಾ ಆಲ್ಫೋಲ್ಡಿ ಎಂಬ ವಿದ್ವಾಂಸ 1995ರಲ್ಲಿ ತೂತುಗಳ ಅಂತರ ನೋಡಿ ಹೋದ ಅಕ್ಷರಗಳನ್ನು ಕಟ್ಟಿ ನಿಲ್ಲಿಸಿದ. ಯುದ್ಧದ ಕೊಳ್ಳೆಯ ಹಣದಿಂದ ಈ ರಂಗಸ್ಥಳ ಕಟ್ಟಿಸಲಾಯಿತು ಎಂಬುದು ಅವನ ಓದು, ಕೊಳ್ಳೆ ಜೆರುಸಲೇಮಿನದು ಎಂಬುದು ಅವನ ತರ್ಕ. ಈ ತೂತಿನ ಕಥೆ ಗ್ಲಾಡಿಯೇಟರುಗಳ ರಕ್ತದ ಕಥೆಗಿಂತ ಏನೂ ಕಡಿಮೆಯಿಲ್ಲ, ಮತ್ತು ಅದು ಪೂರ್ತಿ ನಿಂತಿರುವುದು ಊಹೆ ಮತ್ತು ಆಧಾರದ ಮೇಲೆ. ಕಲ್ಲು ಹೇಳಿದ್ದೆಲ್ಲ ನಿಜವಲ್ಲ ಎಂಬುದಕ್ಕೂ ಅದೇ ಊರಿನಲ್ಲಿ ಸಾಕ್ಷಿ ಉಂಟು. ಪ್ಯಾಂಥಿಯನ್ನಿನ ಹಣೆಯ ಮೇಲೆ ಅಗ್ರಿಪ್ಪ ಕಟ್ಟಿಸಿದನೆಂದು ದಪ್ಪಕ್ಷರದಲ್ಲಿದೆ. ಇಟ್ಟಿಗೆಗಳ ಮೇಲಿನ ಮುದ್ರೆ ನೋಡಿದರೆ ಇಂದಿನ ಕಟ್ಟಡ ಅವನಿಗಿಂತ ನೂರಕ್ಕೂ ಹೆಚ್ಚು ವರ್ಷಗಳ ನಂತರದ್ದು, ಪೂರ್ತಿಯಾದದ್ದು ಹ್ಯಾಡ್ರಿಯನ್ನನ ಕಾಲದಲ್ಲಿ.

ಮನುಷ್ಯ ಗೈಡೇ ಮೇಲಲ್ಲವೇ ಎನ್ನಬಹುದು. ಅವನನ್ನು ಪ್ರಶ್ನೆ ಕೇಳಬಹುದು ಎನ್ನುವುದು ದೊಡ್ಡ ಮಾತು, ಯಂತ್ರಕ್ಕೆ ಆ ಯೋಗ್ಯತೆ ಇಲ್ಲ. ಆದರೆ ಒಳ್ಳೆಯ ಗೈಡುಗಳು ಹಂಪಿ ಬೇಲೂರುಗಳಲ್ಲಿ ಸಿಕ್ಕಾರು, ದಿನಕ್ಕೆ ಬೆರಳೆಣಿಕೆಯ ಜನ ಬರುವ ಜಾಗದಲ್ಲಿ ಗೈಡಿನ ಹೊಟ್ಟೆ ತುಂಬುವುದು ಹೇಗೆ? ಇನ್ನೊಂದು, ಗೈಡು ಎದುರಿಗಿರುವವರ ಮುಖ ನೋಡಿ ಕಥೆ ಬದಲಿಸುತ್ತಾನೆ, ಹೇಳಿದ್ದು ಗಾಳಿಗೆ ಹೋಗುತ್ತದೆ. ಮುದ್ರಿಸಿದ ದನಿ ಎಲ್ಲರಿಗೂ ಒಂದನ್ನೇ ಹೇಳುತ್ತದೆ, ದಾಖಲೆಯಾಗಿ ಉಳಿಯುತ್ತದೆ. ತಪ್ಪಿದ್ದರೆ ಹಿಡಿದು ಕೇಳಬಹುದು, ತಿದ್ದಿಸಬಹುದು. ತಪ್ಪು ಹೇಳಿದರೆ ಸಾವಿರ ಜನಕ್ಕೆ ಹರಡುತ್ತದೆ ಎಂಬುದು ಈ ಗುಣದ್ದೇ ಇನ್ನೊಂದು ಮುಖ. ಅದಕ್ಕೇ ಬರೆದುಕೊಡುವವರ ಹೆಸರು ಆ ದನಿಯಲ್ಲಿ ಮೊದಲೇ ಬರಬೇಕು. ಕುಬ್ಜ ತನ್ನ ಹೆಸರು ಹಾಕಿದ್ದಾನೆ, ನಮಗೇನು ಧಾಡಿ?

ಇದಕ್ಕೆಲ್ಲ ಕೋಟಿಯ ಟೆಂಡರು ಬೇಕಿಲ್ಲ. ರಕ್ಷಿತ ಆವರಣದೊಳಗೆ ಒಂದು ಚೀಟಿ ಅಂಟಿಸಲೂ ಇಲಾಖೆಯ ಅನುಮತಿ ಬೇಕು, ನಿಜ. ಆದರೆ ಕ್ಯೂಆರ್ ಕೋಡಿನ ಹಲಗೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೋ ಬಸ್ಸು ನಿಲ್ಲುವ ಜಾಗಕ್ಕೋ ಹಾಕಬಹುದು. ದನಿಯನ್ನು ಮೊಬೈಲಿನಲ್ಲೇ ಮುದ್ರಿಸಬಹುದು. ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಾಲೇಜುಗಳಲ್ಲಿ ಇತಿಹಾಸ ಕಲಿಸುವವರಿಗೆ ನನ್ನ ವಿನಂತಿ ಇಷ್ಟೆ. ಬರುವ ರಜೆಯಲ್ಲಿ ಹತ್ತೇ ನಿಮಿಷದ ಒಂದು ದನಿ ಮಾಡಿ, ನಿಮ್ಮ ಊರಿನ ಕನ್ನಡದಲ್ಲೇ ಇರಲಿ, ಪ್ರತಿ ಸಂಗತಿಗೂ ಅದು ಯಾರ ಮಾತೆಂದು ಹೇಳಿ. ಮಯೂರ ತನ್ನ ಸರದಿಗೆ ಬರುತ್ತಾನೆ, ನೀವು ಕೆರೆಯಿಂದ ಶುರುಮಾಡಿ.