ತಿದ್ದುವವರ ಪಾಲು

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ ಬೆಳವಣಿಗೆಯನ್ನು ಅಳೆಯುವಾಗ ಮೊದಲು ಲೆಕ್ಕಕ್ಕೆ ಬರುವುದು ಲೇಖನಗಳ ಸಂಖ್ಯೆ. ಸಂಬಳವಿಲ್ಲದೆ ದುಡಿಯುವ ಕೆಲವೇ ಜನರ ಬಿಡುವಿನ ಹೊತ್ತು ಹೊಸ ಲೇಖನಕ್ಕೆ ಸಲ್ಲಬೇಕೋ, ಇರುವುದನ್ನು ತಿದ್ದುವುದಕ್ಕೋ ಎಂದು ಕೇಳಿದರೆ ಸಂಖ್ಯೆಯ ಉತ್ತರ ಒಂದೇ: ಹೊಸದು ಬರೆಯಿರಿ. ಈ ಉತ್ತರ ಕನ್ನಡದ ಮಟ್ಟಿಗೆ ತಪ್ಪು.

2010ರ ಆಸುಪಾಸಿನಲ್ಲಿ ಗೂಗಲ್ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ತನ್ನ ಅನುವಾದ ಸಲಕರಣೆಯ ನೆರವಿನಿಂದ ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿತು. ಬಂಗಾಳಿ ವಿಕಿಪೀಡಿಯದವರು ಅವನ್ನು ಬೇಡವೆಂದರು. ಕನ್ನಡದಲ್ಲಿ ಅವು ಉಳಿದವು. ಪುಟಗಳು ಉದ್ದವಾದವು, ಸಂಖ್ಯೆ ಏರಿತು, ಓದುವುದು ಮಾತ್ರ ಕಷ್ಟವಾಯಿತು. ಮಂಜರಾಬಾದ್ ಕೋಟೆ ‘ಟಿಪ್ಪು ಸುಲ್ತಾನನಿಂದ 1792ರಲ್ಲಿ ಕಟ್ಟಲ್ಪಟ್ಟಿತು’ ಎಂಬ ಧಾಟಿ ಅಂಥ ಬರಹದ್ದು. ಕೋಟೆಯನ್ನು ಟಿಪ್ಪು ಕಟ್ಟಿಸಿದ ಎಂದರೆ ಸಾಕು. ‘ಹೇಮಾವತಿ, ಯಾವುದು ಕಾವೇರಿಯ ಉಪನದಿಯೋ ಅದು’ ಎಂದು ತೊಡಗುವ ವಾಕ್ಯವನ್ನು ಒಡೆದು ಎರಡು ಮಾಡಬೇಕು. ಹೀಗೆ ಒಂದು ಪುಟ ಹಸನಾಗಲು ಒಂದು ಸಂಜೆಯೇ ಹಿಡಿಯಬಹುದು.

ವ್ಯಾಕರಣ ಬಲ್ಲವರೆಲ್ಲ ಎಲ್ಲವನ್ನೂ ತಿದ್ದಲಾರರು. ಉದಾಹರಣೆಗೆ, ಹಾಸನದಿಂದ ಸಕಲೇಶಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಬಾಳ್ಳುಪೇಟೆ ಸಿಗುತ್ತದೆ. ರೋಮನ್ ಲಿಪಿಯಲ್ಲಿ ಬರೆದ ಈ ಹೆಸರಿಗೆ ದೀರ್ಘವೂ ಇಲ್ಲ, ಳಕಾರವೂ ಇಲ್ಲ. ಅಲ್ಲಿಂದ ಕನ್ನಡಕ್ಕೆ ಮರಳುವಾಗ ಅದು ‘ಬಲ್ಲುಪೇಟ್’ ಆಗಿಬಿಡಬಹುದು. ಸಕಲೇಶಪುರವೂ ಹಾಗೆಯೇ ‘ಸಕ್ಲೇಶ್‌ಪುರ್’ ಆಗುತ್ತದೆ. ನಿಘಂಟು ನಂಬಿದ ಅನುವಾದಕ ‘ಕಾಫಿ ನೆಡುತೋಪು’ ಎಂದು ಬರೆದರೆ, ಅಲ್ಲಿನವರ ಬಾಯಲ್ಲಿ ಅದು ಕಾಫಿ ತೋಟ. ಇವು ಕಣ್ಣಿಗೆ ಬೀಳುವುದು ಆ ಊರಿನ ಬೋರ್ಡನ್ನು ದಿನವೂ ಓದುವವರಿಗೆ. ಬೆಂಗಳೂರಿನ ಪಂಡಿತರಿಗಿಂತ ಬಾಳ್ಳುಪೇಟೆಯ ಒಬ್ಬ ಪದವಿ ವಿದ್ಯಾರ್ಥಿ ಇಲ್ಲಿ ಹೆಚ್ಚು ಉಪಯುಕ್ತ.

ತಿದ್ದಬೇಕಾದದ್ದು ಅನುವಾದಗಳನ್ನಷ್ಟೇ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶಕ್ಕೆ ಸಂಪಾದಕ ಮಂಡಲಿಯಿತ್ತು. ಅದರ ಕೆಲವು ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಗೆ ಬಂದವು, ಹಾಗಾಗಿ ಅವುಗಳ ಬರಹವನ್ನು ವಿಕಿಪೀಡಿಯಕ್ಕೆ ಸೇರಿಸಬಹುದು. ಅವುಗಳ ಭಾಷೆ ಹದವಾಗಿದೆ, ಆದರೆ ಕಾಲ ಹಳೆಯದು. ಹಳೆಯ ಜನಸಂಖ್ಯೆ, ಹಳೆಯ ಜಿಲ್ಲಾ ಗಡಿಗಳು ವರ್ತಮಾನ ಕಾಲದ ಕ್ರಿಯಾಪದದಲ್ಲಿಯೇ ನಿಂತಿರುತ್ತವೆ. ಅಂಥಲ್ಲಿ ತಿದ್ದುವವರು ಇಸವಿ ಸೇರಿಸಿ ‘ಇದೆ’ಯನ್ನು ‘ಇತ್ತು’ ಮಾಡಬೇಕಾಗುತ್ತದೆ.

ಹಾಗೆಂದು ತಿದ್ದುವವರಿಗೆ ಪೂರ್ತಿ ಸ್ವಾತಂತ್ರ್ಯವಿಲ್ಲ. ಊರಿನವರಿಗೆ ಗೊತ್ತಿರುವುದೆಲ್ಲ ಪುಟಕ್ಕೆ ಸೇರುವಂತಿಲ್ಲ. ಪ್ರಕಟವಾದ ಆಧಾರ ಬೇಕು. ಭಾಷೆ ಸರಿಮಾಡುವ ನೆಪದಲ್ಲಿ ಅರ್ಥ ಬದಲಾಗಬಾರದು. ಅನುಮಾನವಿದ್ದರೆ ಚರ್ಚೆ ಪುಟವಿದೆ, ಎಲ್ಲರಿಗೂ ಸಂಬಂಧಿಸಿದ ವಿಷಯಕ್ಕೆ ‘ಅರಳಿ ಕಟ್ಟೆ’ ಎಂಬ ಪುಟವೇ ಇದೆ. ಮಾಡಿದ ಪ್ರತಿ ಬದಲಾವಣೆಯೂ ಇತಿಹಾಸದ ಪುಟದಲ್ಲಿ ದಾಖಲಾಗುತ್ತದೆ. ತಪ್ಪಾದರೆ ಇನ್ನೊಬ್ಬರು ಹಿಂದಿನ ಪಾಠವನ್ನು ಮರಳಿ ತರಬಹುದು.